ಗಿಟಾರ್‌ನಲ್ಲಿ ಶಾಸ್ತ್ರೀಯವೆಂದರೆ ಯಾವುದು, ಯಾವ ಶತಮಾನದಿಂದ ಕಲಿಯತೊಡಗಬೇಕು?

ಪ್ರಶ್ನೆ: ಕಪ್ಪುನೆಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಪದವಿಪೂರ್ವ ವಿದ್ಯಾರ್ಥಿಗಳಿಗೆ ಗಣಿತ ಕಲಿಸುತ್ತೇನೆ. ಎರಡು ವರ್ಷಗಳಿಂದ ಸಂಜೆಯ ಹೊತ್ತು ಗಿಟಾರ್ ಅಭ್ಯಾಸ ಮಾಡುತ್ತಿದ್ದೇನೆ. ನನಗೆ ಕಲಿಸಿದವರು ಚರ್ಚಿನ ಗಾಯನ ತಂಡದಲ್ಲಿ ನುಡಿಸುವ ಒಬ್ಬ ತರುಣರು. ಕಾರ್ಡ್ ಹಿಡಿಯುವುದನ್ನೂ ಲಯ ತಪ್ಪದಂತೆ ಮೀಟುವುದನ್ನೂ ಅವರಿಂದ ಚೆನ್ನಾಗಿಯೇ ಕಲಿತೆ. ಕಳೆದ ದೀಪಾವಳಿಯ ರಜೆಯಲ್ಲಿ ಹೈದರಾಬಾದಿಗೆ ಹೋದಾಗ ನೈಲಾನ್ ತಂತಿಯ ಗಿಟಾರ್ ಒಂದನ್ನು ಕೊಂಡು ತಂದೆ. ಅಂದಿನಿಂದ, ಹಾಡಿಗೆ ಹಿಮ್ಮೇಳವಾಗಿ ನಿಲ್ಲದೆ ಒಂದೇ ವಾದ್ಯ ಮೇಲಿನ ಧಾಟಿಯನ್ನೂ ಕೆಳಗಿನ ಮಂದ್ರಸ್ವರಗಳನ್ನೂ ಒಟ್ಟಿಗೆ ನುಡಿಯುವ ಸಂಗೀತವನ್ನು ಕೇಳತೊಡಗಿದ್ದೇನೆ, ಮತ್ತು ಕೇಳಿದಷ್ಟೂ ನನ್ನ ಗೊಂದಲ ಹೆಚ್ಚುತ್ತಿದೆ.

ನಮ್ಮ ಮಾವನವರು ತತ್ತ್ವಪದ ಹಾಡುತ್ತ ಬಂದವರು. ಏಕತಾರಿಯ ಒಂದೇ ತಂತಿಯನ್ನು ಹಿಡಿದು ಕಡಕೋಳ ಮಡಿವಾಳಪ್ಪನವರ ಪದಗಳನ್ನು ರಾತ್ರಿಯಿಡೀ ಹಾಡಬಲ್ಲರು. ಮೊನ್ನೆ ನಾನು ಅಭ್ಯಾಸ ಮಾಡುತ್ತಿದ್ದಾಗ ಬಂದು ಕುಳಿತು, ಬಹಳ ಹೊತ್ತು ಕೇಳಿ, ‘ಇದ್ರಾಗ ಶಾಸ್ತ್ರೀಯ ಅಂದ್ರ ಏನದ ಯವ್ವಾ?’ ಎಂದು ಕೇಳಿದರು. ಅವರು ನಿಜವಾದ ಕುತೂಹಲದಿಂದಲೇ ಕೇಳಿದ್ದರು, ನನ್ನಲ್ಲಿ ಉತ್ತರವಿರಲಿಲ್ಲ. ಇದರಲ್ಲಿ ರಾಗದ ಆರೋಹಣ, ಅವರೋಹಣವಿಲ್ಲ, ಆಲಾಪವಿಲ್ಲ. ಹಾಗಾದರೆ ಯಾವ ಕಾರಣಕ್ಕೆ ಇದನ್ನು ಶಾಸ್ತ್ರೀಯವೆನ್ನುತ್ತಾರೆ?

ಎರಡನೆಯ ಸಂದೇಹ ಕೇಳುವುದಕ್ಕೆ ಸಂಬಂಧಿಸಿದ್ದು. ಗಾಸ್ಪಾರ್ ಸಾಂಜ್ ಎಂಬವರ ‘ಕನಾರಿಯೊಸ್’ ಎಂಬ ನೃತ್ಯದ ಗತ್ತನ್ನು ಇಬ್ಬರ ಕೈಯಲ್ಲಿ ಕೇಳಿದೆ. ಒಬ್ಬರ ವಾದನದಲ್ಲಿ ಕೆಳಗೆ ಗಟ್ಟಿಯಾದ ಮಂದ್ರಸ್ವರಗಳಿವೆ. ಇನ್ನೊಬ್ಬರದರಲ್ಲಿ ಮಂದ್ರವೇ ಇಲ್ಲ, ಎಲ್ಲ ಸ್ವರಗಳೂ ಮೇಲೆಯೇ ಗೆಜ್ಜೆಯಂತೆ ಉಲಿಯುತ್ತವೆ. ಎರಡೂ ಒಂದೇ ಕೃತಿಯೆಂದು ಹೇಳಿದರೆ ನಂಬುವುದು ಕಷ್ಟ. ಇದೇಕೆ ಹೀಗೆ?

ಮೂರನೆಯದು ಕಲಿಕೆಯ ಪ್ರಶ್ನೆ. ಗಣಿತದವಳಾದ ನನಗೆ ಮೊದಲಿನಿಂದ ಕ್ರಮವಾಗಿ ಬರುವುದೇ ಸರಿಯೆನ್ನಿಸುತ್ತದೆ: 16ನೆಯ ಶತಮಾನದಿಂದ ಆರಂಭಿಸಿ ಇಂದಿನವರೆಗೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಆರೆಳೆ, ಕಲಬುರಗಿ

ಮೇಡಂ, ನಮಸ್ಕಾರ. ನಮ್ಮ ಊರಿನಲ್ಲಿ ಈ ಸಂಗೀತವನ್ನು ಇಷ್ಟು ಮನಸ್ಸಿಟ್ಟು ಕೇಳುವವರು ಇನ್ನೊಬ್ಬರಿದ್ದಾರೆಂದು ತಿಳಿದು ಬಹಳ ಸಂತೋಷವಾಯಿತು. ನಾನು ಇಪ್ಪತ್ತು ವರ್ಷಗಳಿಂದ ಇದನ್ನು ಅಭ್ಯಾಸ ಮಾಡುತ್ತಿದ್ದೇನೆ. ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆಯೆಂಬುದು ನನ್ನ ಅನಿಸಿಕೆ, ಆದ್ದರಿಂದ ಅವೆರಡನ್ನೂ ಕೂಡಿಸಿಯೇ ಬರೆಯುತ್ತೇನೆ.

ನಾವು ಶಾಸ್ತ್ರೀಯ ಎಂದ ಕೂಡಲೇ ರಾಗ ಮತ್ತು ತಾಳದ ವ್ಯಾಕರಣವನ್ನು ನೆನೆಯುತ್ತೇವೆ. ಗಿಟಾರ್‌ನ ವಿಷಯದಲ್ಲಿ ಆ ಮಾತಿನ ಅರ್ಥ ಬೇರೆ. ಕರುಳಿನ ತಂತಿಯನ್ನೋ ಇಂದಿನ ನೈಲಾನ್ ತಂತಿಯನ್ನೋ ಬರಿಯ ಬೆರಳುಗಳಿಂದ ಮೀಟಿ, ಎರಡು ಮೂರು ಸ್ವರಧಾರೆಗಳನ್ನು ಏಕಕಾಲದಲ್ಲಿ ನಡೆಸುವ, ಸುಮಾರು 500 ವರ್ಷಗಳಿಂದ ಬರವಣಿಗೆಯಲ್ಲಿ ಉಳಿದುಬಂದಿರುವ ಒಂದು ಪರಂಪರೆಗೆ ಆ ಹೆಸರು. ಆದರೆ ಈ 500 ವರ್ಷಗಳಲ್ಲಿ ಗಿಟಾರ್ ಎಂಬುದು ಒಂದೇ ವಾದ್ಯವಾಗಿರಲಿಲ್ಲ. ತಂತಿಗಳ ಸಂಖ್ಯೆ ಬದಲಾಯಿತು, ಶ್ರುತಿ ಬದಲಾಯಿತು, ಮರದ ಒಡಲು ಬದಲಾಯಿತು; ಪ್ರತಿ ಬದಲಾವಣೆಯೊಂದಿಗೆ ಅದಕ್ಕಾಗಿ ಬರೆಯುವ ಸಂಗೀತವೂ ಬದಲಾಯಿತು. ಆದ್ದರಿಂದ ಯಾವುದೇ ಕೃತಿಯನ್ನು ಕೇಳುವಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಇದನ್ನು ಯಾವ ಗಿಟಾರ್‌ಗಾಗಿ ಬರೆದರು ಎಂಬುದು.

ಸ್ಪೇನಿನಲ್ಲಿ 16ನೆಯ ಶತಮಾನದಲ್ಲಿ ವಿಹುವೆಲಾ ಎಂಬ ವಾದ್ಯವಿತ್ತು. ಆಕಾರ ಗಿಟಾರ್‌ನದು, ಶ್ರುತಿ ಲ್ಯೂಟ್ ಎಂಬ ಯುರೋಪಿನ ಹಳೆಯ ತಂತಿವಾದ್ಯದ್ದು, ತಂತಿಗಳು ಸಾಮಾನ್ಯವಾಗಿ ಆರು ಜೋಡಿ. ಇಲ್ಲಿ ಬೀದರಿನಲ್ಲಿ ಬರೀದ್‌ಶಾಹಿಗಳು ಆಳುತ್ತಿದ್ದ ಕಾಲದಲ್ಲಿ, 1536ರಲ್ಲಿ, ಲೂಯಿಸ್ ದೆ ಮಿಲಾನ್ ವಲೆನ್ಸಿಯಾದಲ್ಲಿ ‘ಎಲ್ ಮಾಯೆಸ್ತ್ರೊ’ ಎಂಬ ಪುಸ್ತಕ ಅಚ್ಚು ಹಾಕಿಸಿದರು. ಎರಡು ವರ್ಷಗಳ ನಂತರ, 1538ರಲ್ಲಿ, ಲೂಯಿಸ್ ದೆ ನಾರ್ವಾಯೆಸ್ ಅವರ ಸಂಪುಟ ಬಂದಿತು. ಅದರಲ್ಲಿ ‘ಗ್ವಾರ್ದಮೆ ಲಾಸ್ ವಾಕಾಸ್’, ಅಂದರೆ ನನ್ನ ಹಸುಗಳನ್ನು ಕಾಯಿ, ಎಂಬ ಜನಪದ ಧಾಟಿಯ ಮೇಲೆ ಹೆಣೆದ ಭೇದಗಳಿವೆ. ಕೆಳಗಿನ ಮಂದ್ರಸ್ವರಗಳು ಪ್ರತಿ ಸಲವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಮೇಲಿನ ಧಾಟಿ ಮಾತ್ರ ಸುತ್ತು ಸುತ್ತಿಗೂ ಹೊಸ ಉಡುಗೆ ತೊಟ್ಟು ಬರುತ್ತದೆ. ಅಚ್ಚಾದ ಇಂಥ ಭೇದಗಳಲ್ಲಿ ಇವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ನಿಮ್ಮ ಮಾವನವರಿಗೆ ಮೊದಲು ಇದನ್ನೇ ಕೇಳಿಸಿರಿ. ಏಕತಾರಿಯ ಅಲುಗಾಡದ ಸ್ವರದ ಮೇಲೆ ಪದದ ಒಂದೊಂದು ನುಡಿಯನ್ನೂ ಬೇರೆ ಬೇರೆಯಾಗಿ ತಿರುಗಿಸಿ ಹಾಡಿದವರಿಗೆ ಇದು ಪರಕೀಯವೆನ್ನಿಸಲಾರದು. ನಿಮ್ಮ ಗಿಟಾರ್‌ನ ಮೂರನೆಯ ತಂತಿಯನ್ನು ಜಿ ಸ್ವರದಿಂದ ಅರ್ಧ ಸ್ವರ ಇಳಿಸಿ ಎಫ್ ಶಾರ್ಪ್‌ಗೆ ತಂದರೆ ತಂತಿಗಳ ನಡುವಿನ ಅಂತರ ವಿಹುವೆಲಾದಂತೆಯೇ ಆಗುತ್ತದೆ, ಮತ್ತು ಆ ಕಾಲದವರು ಅಂಕಿಗಳಲ್ಲಿ ಬರೆದಿಟ್ಟದ್ದನ್ನು ಹಾಗೆಯೇ ನುಡಿಸಬಹುದು. ಇಂದಿನ ಹುಡುಗರು ಟ್ಯಾಬ್ ಎಂದು ಕರೆಯುವ ಬರವಣಿಗೆ ಅಷ್ಟು ಹಳೆಯದು.

ಗಿಟಾರ್ ಎಂಬ ಹೆಸರಿನ ವಾದ್ಯ ಆಗ ಇನ್ನೂ ಚಿಕ್ಕದು, ನಾಲ್ಕೇ ಸಾಲು ತಂತಿಯದು. ಸಾಲೆಂದರೆ ಸಾಮಾನ್ಯವಾಗಿ ಒಟ್ಟಿಗೆ ಮೀಟುವ ಒಂದು ಜೋಡಿ ತಂತಿ. ಅದಕ್ಕಾಗಿ ಅಚ್ಚಾದ ಮೊದಲ ಕೆಲವು ರಚನೆಗಳು ಸೆವಿಲ್ಲೆಯಲ್ಲಿ 1546ರಲ್ಲಿ ಬಂದ ಅಲೊನ್ಸೊ ಮುದಾರ್ರಾ ಅವರ ಪುಸ್ತಕದಲ್ಲಿವೆ. ಮುಂದೆ ಐದನೆಯ ಸಾಲು ಸೇರಿತು, ವಿಹುವೆಲಾ ಹಿಂದೆ ಸರಿಯಿತು.

ನಿಮ್ಮ ಸಾಂಜ್ ಬರುವುದು ಈ ಐದು ಸಾಲಿನ ಗಿಟಾರ್‌ನ ಕಾಲದಲ್ಲಿ. ಅವರ ಬೋಧನ ಗ್ರಂಥ 1674ರಲ್ಲಿ ಸರಗೋಸಾದಲ್ಲಿ ಹೊರಬಂದಿತು. ಆ ಗಿಟಾರ್‌ನ ನಾಲ್ಕನೆಯ ಮತ್ತು ಐದನೆಯ ಸಾಲುಗಳಿಗೆ ಯಾವ ತಂತಿ ಹಾಕಬೇಕೆಂಬ ವಿಷಯದಲ್ಲಿ ಎರಡು ಪದ್ಧತಿಗಳಿದ್ದವು. ದಪ್ಪ ತಂತಿ ಹಾಕಿದರೆ ಕೆಳಗೆ ಮಂದ್ರ ದೊರೆಯುತ್ತದೆ, ಜೋರಾಗಿ ಮೀಟಿ ಹಾಡಿಗೆ ಜೊತೆ ಕೊಡುವುದಕ್ಕೆ ಅದು ಅನುಕೂಲ. ತೆಳು ತಂತಿ ಹಾಕಿ ಅವೆರಡನ್ನೂ ಒಂದು ಸಪ್ತಕ ಮೇಲೆ ಏರಿಸಿದರೆ ಐದು ಸಾಲುಗಳೂ ಒಂದೇ ಎತ್ತರದ ಆಸುಪಾಸಿನಲ್ಲಿ ಬಂದು ನಿಲ್ಲುತ್ತವೆ. ಆಗ ಒಂದು ಸ್ವರಶ್ರೇಣಿಯನ್ನು ಒಂದೇ ತಂತಿಯ ಮೇಲೆ ನುಡಿಸುವ ಬದಲು ಸ್ವರಕ್ಕೊಂದು ತಂತಿಯಂತೆ ಹಂಚಿ ನುಡಿಸಬಹುದು; ಹಿಂದಿನ ಸ್ವರ ಇನ್ನೂ ಉಲಿಯುತ್ತಿರುವಾಗಲೇ ಮುಂದಿನದು ಬಂದು ಸೇರುತ್ತದೆ. ಇದಕ್ಕೆ ಕಾಂಪನೆಲಾ, ಅಂದರೆ ಚಿಕ್ಕ ಗಂಟೆ, ಎಂದು ಹೆಸರು. ಬಿಡಿಬಿಡಿಯಾಗಿ ಸೂಕ್ಷ್ಮವಾಗಿ ನುಡಿಸುವವರಿಗೆ ತೆಳು ತಂತಿಯೇ ತಕ್ಕದ್ದೆಂದು ಸಾಂಜ್ ಅವರೇ ಬರೆದಿದ್ದಾರೆ. ನೀವು ಕೇಳಿದ ಎರಡನೆಯ ವಾದನ ಆ ಬಗೆಯ ಹಳೆಯ ಗಿಟಾರ್‌ನದು, ಮೊದಲನೆಯದು ಇಂದಿನ ಆರು ತಂತಿಯ ಗಿಟಾರ್‌ಗೆ ಅಳವಡಿಸಿಕೊಂಡದ್ದು ಇರಬೇಕು. ಎರಡನೆಯದನ್ನು ನೀವು ಗೆಜ್ಜೆಗೆ ಹೋಲಿಸಿರುವುದನ್ನು ಓದಿ ನನಗೆ ರೋಮಾಂಚನವಾಯಿತು. ಅವರು ಗಂಟೆಯೆಂದು ಕರೆದದ್ದನ್ನು ನೀವು ಹೆಸರು ತಿಳಿಯದೆಯೇ ಗುರುತಿಸಿದ್ದೀರಿ.

ಜೋಡಿ ತಂತಿಗಳು ಹೋಗಿ ಒಂಟಿ ತಂತಿಗಳು ಬಂದದ್ದಕ್ಕೂ ಒಂದು ಕಾರಣವಿದೆ. ಬರಿಯ ಕರುಳಿನ ದಪ್ಪ ತಂತಿ ಮಂಕಾಗಿ ನುಡಿಯುತ್ತದೆ. ಅದಕ್ಕೆ ಹೊಳಪು ಕೊಡಲು ಪಕ್ಕದಲ್ಲಿ ಒಂದು ಸಪ್ತಕ ಮೇಲಿನ ತೆಳು ತಂತಿಯನ್ನು ಕಟ್ಟುತ್ತಿದ್ದರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಎಳೆಯ ಮೇಲೆ ಲೋಹದ ಸಣ್ಣ ತಂತಿ ಸುತ್ತುವ ವಿದ್ಯೆ ಬಂದಿತು. ಸುತ್ತಿದ ತಂತಿ ತೆಳ್ಳಗಿದ್ದೂ ಗಟ್ಟಿಯಾಗಿ ಮಂದ್ರ ನುಡಿಯುವುದರಿಂದ ಜೋಡಿಯ ಅಗತ್ಯ ನಿಧಾನವಾಗಿ ಇಲ್ಲವಾಯಿತು, ಮತ್ತು 18ನೆಯ ಶತಮಾನದ ಕೊನೆಯ ಹೊತ್ತಿಗೆ ಆರು ಒಂಟಿ ತಂತಿಯ ಗಿಟಾರ್ ನೆಲೆಗೊಂಡಿತು. ಬಾರ್ಸಿಲೋನಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಫೆರ್ನಾಂದೊ ಸೊರ್ (1778–1839), ವಿಯೆನ್ನಾದಲ್ಲಿ ಹೆಸರು ಮಾಡಿದ ಇಟಲಿಯ ಮೌರೊ ಜೂಲಿಯಾನಿ (1781–1829), ಮತ್ತೆಯೊ ಕಾರ್ಕಾಸಿ, ದಿಯೊನಿಸಿಯೊ ಅಗುವಾದೊ, ಇವರೆಲ್ಲರೂ ಬರೆದದ್ದು ಆ ಹೊಸ ವಾದ್ಯಕ್ಕಾಗಿ. ಸೊರ್ ಉಗುರು ತಾಗಿಸದೆ ಬೆರಳ ತುದಿಯಿಂದ ನುಡಿಸುತ್ತಿದ್ದರು, ಅವರ ಮಿತ್ರ ಅಗುವಾದೊ ಉಗುರಿನಿಂದ. ಆ ಭೇದ ಅವರ ಸ್ನೇಹಕ್ಕೆ ಅಡ್ಡ ಬರಲಿಲ್ಲ. ಇಬ್ಬರೂ ಕೂಡಿ ನುಡಿಸಲೆಂದು ಸೊರ್ ‘ಇಬ್ಬರು ಗೆಳೆಯರು’ ಎಂಬ ಜುಗಲ್‌ಬಂದಿಯನ್ನೇ ಬರೆದರು.

ಇವರ ಗಿಟಾರ್ ಇನ್ನೂ ಚಿಕ್ಕ ಒಡಲಿನದು. ಇಂದು ನಮ್ಮ ತೊಡೆಯ ಮೇಲಿರುವ ಆಕಾರವನ್ನು ಕೊಟ್ಟವರು ಆಲ್ಮೆರಿಯಾದ ಆಂಟೋನಿಯೊ ದೆ ತೊರ್ರೆಸ್ (1817–1892). ಒಡಲನ್ನು ಹಿಗ್ಗಿಸಿದರು, ತಂತಿಯ ಉದ್ದ 65 ಸೆಂಟಿಮೀಟರ್ ಎಂಬುದನ್ನು ರೂಢಿಗೆ ತಂದರು, ತೆಳುವಾದ ಮೇಲ್ಹಲಗೆಯ ಅಡಿಯಲ್ಲಿ ಏಳು ಸಣ್ಣ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಅಂಟಿಸಿದರು. ನಾದವೆಲ್ಲ ಮೇಲ್ಹಲಗೆಯದೇ ಎಂಬ ತಮ್ಮ ನಂಬಿಕೆಯನ್ನು ತೋರಿಸಿಕೊಡಲು 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ ಒಂದು ಗಿಟಾರ್ ಕಟ್ಟಿದರು. ಅದು ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಮೇಲ್ಹಲಗೆಯ ಬೆಲೆಯನ್ನು ನಾನು ಕಷ್ಟಪಟ್ಟು ಕಲಿತೆ. ನಮ್ಮದು ಶಹಾಬಾದ್ ಕಲ್ಲು ಹೊದಿಸಿದ ಹಳೆಯ ಮನೆ, ಮೇ ತಿಂಗಳಲ್ಲಿ ಮಧ್ಯಾಹ್ನ ಒಳಗೂ ಒಲೆಯಂತಿರುತ್ತದೆ. ಒಂದು ಬೇಸಿಗೆಯಲ್ಲಿ ಗಿಟಾರನ್ನು ಗೋಡೆಯ ಮೊಳೆಗೆ ತೂಗುಹಾಕಿ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿದ್ದೆ. ಮರಳಿ ಬಂದಾಗ ಸೇತುವೆಯ, ಅಂದರೆ ಮೇಲ್ಹಲಗೆಯ ಮೇಲೆ ತಂತಿ ಕಟ್ಟುವ ಮರದ ಪಟ್ಟಿಯ, ಕೆಳಗಿನಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು ಮೂಡಿತ್ತು. ಹೊಸ ತಂತಿ ಕಟ್ಟಿ ಮಂದ್ರದ ಇ ಸ್ವರ ಮೀಟಿದೆ. ಸ್ವರದ ಹಿಂದೆ ಕಾಗದ ಅಲುಗಿದಂತೆ ಒಂದು ಕಿರಿಕಿರಿ ಸದ್ದು. ಮೇಡಂ, ನಿಮ್ಮ ಗಿಟಾರನ್ನು ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೇ ಇಡಿ, ಜೊತೆಗೆ ಒಂದು ಸೋಪಿನ ಡಬ್ಬಿಗೆ ತೂತು ಕೊರೆದು ಒದ್ದೆ ಸ್ಪಂಜನ್ನು ಹಿಂಡಿ ಇಡಿ. ಗಾಳಿಯ ತೇವ ನೂರಕ್ಕೆ 45ರಿಂದ 55ರಷ್ಟು ಇದ್ದರೆ ಮರ ನೆಮ್ಮದಿಯಿಂದಿರುತ್ತದೆ. ಕೂಲರ್‌ನ ಗಾಳಿ ನೇರವಾಗಿ ಬೀಳುವಲ್ಲಿ ಮಾತ್ರ ಇಡಬೇಡಿ.

ತೊರ್ರೆಸ್ 1864ರಲ್ಲಿ ಮಾಡಿದ ಒಂದು ಗಿಟಾರ್ ಸ್ಪೇನಿನ ವಾದಕ, ರಚನಕಾರ ಫ್ರಾನ್ಸಿಸ್ಕೊ ತಾರ್ರೆಗಾ (1852–1909) ಅವರ ಕೈಸೇರಿತು. ದೊಡ್ಡ ಒಡಲಿನಲ್ಲಿ ಸ್ವರ ಹೆಚ್ಚು ಹೊತ್ತು ನಿಲ್ಲುವುದರಿಂದಲೇ ‘ರೆಕುಯೆರ್ದೊಸ್ ದೆ ಲಾ ಅಲ್‌ಹಾಂಬ್ರಾ’ದಂಥ ಕೃತಿ ಅಷ್ಟು ತುಂಬಿ ನುಡಿಯುತ್ತದೆ. ಹೆಬ್ಬೆರಳು ಕೆಳಗಿನ ಸ್ವರಗಳನ್ನು ಒಂದೊಂದಾಗಿ ಇಡುತ್ತ ಹೋಗುತ್ತದೆ. ಪ್ರತಿ ಸ್ವರದ ನಂತರ ಉಂಗುರಬೆರಳು, ನಡುಬೆರಳು, ತೋರುಬೆರಳು ಅದೇ ಕ್ರಮದಲ್ಲಿ ಮೇಲಿನ ಒಂದೇ ತಂತಿಯನ್ನು ಮೂರು ಸಲ ತಾಗುತ್ತವೆ. ವೇಗ ಕೂಡಿ ಬಂದಾಗ ಕಿವಿಗೆ ಕೇಳುವುದು ಮೂರು ಪೆಟ್ಟಲ್ಲ, ಎಡೆಬಿಡದ ಒಂದೇ ಧಾರೆ.

ಆಮೇಲಿನ ದೊಡ್ಡ ತಿರುವು ನೈಲಾನ್‌ನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರುಳಿನ ತಂತಿಗೆ ಅಭಾವ ಬಂದಿತು. ಯುದ್ಧ ಮುಗಿದ ಮೇಲೆ ನ್ಯೂಯಾರ್ಕ್‌ನ ಆಲ್ಬರ್ಟ್ ಅಗಸ್ಟೀನ್ ನೈಲಾನ್ ಎಳೆಯಿಂದ ತಂತಿ ತಯಾರಿಸಿದರು, ಸ್ಪೇನಿನ ಹೆಸರಾಂತ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ (1893–1987) ಅದನ್ನು ಮೆಚ್ಚಿ ನುಡಿಸಿದರು. ನಿಮ್ಮ ಕೈಯಲ್ಲಿರುವ ತಂತಿ ಆ ವಂಶದ್ದು.

ಉತ್ತರ 2: ಬೆಳ್ಳಿತಂತಿ, ಬೀದರ್

ಮೇಲಿನ ಉತ್ತರವನ್ನು ಎರಡು ಸಲ ಓದಿದೆ. ಆರೆಳೆ ಅವರಿಗೆ ಧನ್ಯವಾದಗಳು. ನಮ್ಮ ಮನೆತನ ಬಿದರಿ ಕೆಲಸದ್ದು. ಕಪ್ಪು ಲೋಹದಲ್ಲಿ ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಕೂರಿಸುವುದನ್ನು ಚಿಕ್ಕಂದಿನಿಂದ ನೋಡಿದವನಾದ್ದರಿಂದ, ಗಿಟಾರ್‌ನ ಮಂದ್ರ ತಂತಿಗಳ ಮೇಲೆ ಸುತ್ತಿರುವುದು ಬೆಳ್ಳಿಯ ಲೇಪವುಳ್ಳ ತಾಮ್ರದ ತಂತಿಯೆಂದು ತಿಳಿದ ದಿನ ಒಂದು ತಂತಿಯನ್ನು ಬಿಚ್ಚಿ ನೋಡಿದ್ದೆ. ಒಳಗಿನ ಎಳೆಗಳು ರೇಷ್ಮೆಯಂತೆ ಬಿಡಿಸಿಕೊಂಡವು. ನೈಲಾನ್ ಬರುವ ಮೊದಲು ಅಲ್ಲಿ ರೇಷ್ಮೆಯನ್ನೇ ಬಳಸುತ್ತಿದ್ದರು.

ಆದರೆ ಒಂದು ಮಾತಿನಲ್ಲಿ ನನ್ನ ಅಭಿಪ್ರಾಯ ಬೇರೆ. ಮರ ಮತ್ತು ತಂತಿ ಬದಲಾದಂತೆ ಸಂಗೀತ ಬದಲಾಯಿತೆಂಬುದು 19ನೆಯ ಶತಮಾನದವರೆಗೆ ಒಪ್ಪತಕ್ಕದ್ದು. 20ನೆಯ ಶತಮಾನದಲ್ಲಿ ವಾದ್ಯ ಹೆಚ್ಚು ಬದಲಾಗಲಿಲ್ಲ, ಬರೆಯುವವರು ಬದಲಾದರು. ಅಲ್ಲಿಯವರೆಗೆ ಗಿಟಾರ್‌ಗೆ ಬರೆದವರು ಬಹುಮಟ್ಟಿಗೆ ಗಿಟಾರ್ ನುಡಿಸುವವರೇ. ಬೆರಳಿಗೆ ಸುಲಭವಾದ ದಾರಿಯಲ್ಲಿ ಅವರ ಕಲ್ಪನೆಯೂ ನಡೆಯುವುದು ಸಹಜ. 1920ರಲ್ಲಿ ಸ್ಪೇನಿನ ರಚನಕಾರ ಮಾನ್ವೆಲ್ ದೆ ಫಾಯಾ ಅವರು ಫ್ರಾನ್ಸಿನ ರಚನಕಾರ ದೆಬುಸ್ಸಿಯ ಸ್ಮರಣೆಗಾಗಿ ಗಿಟಾರ್‌ಗೆ ಒಂದು ಚಿಕ್ಕ ಕೃತಿ ರಚಿಸಿದರು. ಅವರು ಗಿಟಾರ್ ವಾದಕರಲ್ಲ. ಮೂರನೆಯ ವರ್ಷದಿಂದ ದೃಷ್ಟಿ ಕಳೆದುಕೊಂಡಿದ್ದ ಹೋಕಿನ್ ರೊದ್ರಿಗೊ ಪಿಯಾನೊ ನುಡಿಸುವವರು. ಗಿಟಾರ್ ಮತ್ತು ವಾದ್ಯವೃಂದಕ್ಕಾಗಿ ಅವರು 1939ರಲ್ಲಿ ಬರೆದ ‘ಕೊನ್ಸಿಯೆರ್ತೊ ದೆ ಅರನ್‌ಹುವೆಸ್’ 1940ರ ನವೆಂಬರ್‌ನಲ್ಲಿ ಬಾರ್ಸಿಲೋನಾದಲ್ಲಿ ಮೊದಲ ಬಾರಿ ಕೇಳಿಬಂದಿತು. ಸಾಂಜ್ ಅವರ ಹಳೆಯ ಧಾಟಿಗಳನ್ನು ಎತ್ತಿಕೊಂಡು ವಾದ್ಯವೃಂದದೊಡನೆ ಹೊಸದಾಗಿ ಹೆಣೆದ 1954ರ ಕೃತಿಯೂ ಇವರದೇ. ‘ಕನಾರಿಯೊಸ್’ ಇಷ್ಟಪಟ್ಟ ಮೇಡಂ ಅದನ್ನು ಅಗತ್ಯವಾಗಿ ಕೇಳಬೇಕು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಅವರು 1963ರಲ್ಲಿ ಗಿಟಾರ್ ವಾದಕ ಜೂಲಿಯನ್ ಬ್ರೀಮ್ ಅವರಿಗಾಗಿ ಬರೆದ ‘ನಾಕ್ಟರ್ನಲ್’. ಮೂಲ ಧಾಟಿ 1597ರಲ್ಲಿ ಅಚ್ಚಾದ ಜಾನ್ ಡೌಲಂಡ್ ಅವರ ಒಂದು ಹಾಡಿನದು, ನಿದ್ರೆಯನ್ನು ಕರೆಯುವ ಹಾಡು. ಮೊದಲು ಧಾಟಿ ಕೇಳಿಸಿ ಆಮೇಲೆ ಭೇದಗಳನ್ನು ತೋರುವುದು ಎಲ್ಲರ ರೂಢಿ. ಬ್ರಿಟನ್ ಇದನ್ನು ತಿರುಗಿಸಿದರು. ಭೇದಗಳೇ ಮೊದಲು ಬರುತ್ತವೆ, ನಿದ್ರೆ ಬಾರದವನು ಹೊರಳಾಡಿದಂತೆ ಒಂದರ ಹಿಂದೊಂದು. ಎಲ್ಲ ಮುಗಿದ ಮೇಲೆ ಡೌಲಂಡ್‌ನ ಹಾಡು ಶಾಂತವಾಗಿ ಬಂದು ನಿಲ್ಲುತ್ತದೆ. ಸುಮಾರು 17 ನಿಮಿಷ ಕಾದ ಕಿವಿಗೆ ಆ ಕ್ಷಣ ಎಷ್ಟು ತಂಪೆಂಬುದನ್ನು ಬರೆದು ತಿಳಿಸಲಾರೆ. ಇದು ಹೊಸ ಮರದಿಂದ ಬಂದದ್ದಲ್ಲ, ಹೊಸ ಆಲೋಚನೆಯಿಂದ ಬಂದದ್ದು.

ನಾನು ಕೆಲವು ವರ್ಷ ಸಿತಾರ್ ಕಲಿತವನು, ಆದ್ದರಿಂದ ಇನ್ನೊಂದು ಮಾತು. ತಾರ್ರೆಗಾ ಅವರ ಆ ಧಾರೆಯನ್ನು ನಮ್ಮ ಝಾಲಾಕ್ಕೆ, ಅಂದರೆ ಸಿತಾರ್ ವಾದನದ ವೇಗದ ಭಾಗಕ್ಕೆ, ಹೋಲಿಸುವವರಿದ್ದಾರೆ. ಝಾಲಾದಲ್ಲಿ ಚಿಕಾರಿ ತಂತಿಗಳ ಸ್ವರ ಬದಲಾಗದೆ ನಿಂತು ಲಯವನ್ನು ಕಟ್ಟುತ್ತದೆ, ರಾಗ ಬಾಜ್ ಎಂಬ ಮುಖ್ಯ ತಂತಿಯಲ್ಲಿ ನಡೆಯುತ್ತದೆ. ಗಿಟಾರ್‌ನಲ್ಲಿ ಮರುಮರಳಿ ಮೀಟುವ ತಂತಿಯೇ ಹಾಡುವ ತಂತಿ. ಕೇಳಲು ಹತ್ತಿರ, ಕೆಲಸ ಪೂರ್ತಿ ಬೇರೆ. ಈ ಭೇದ ತಿಳಿದ ಮೇಲೆ ನನಗೆ ಎರಡೂ ಇನ್ನಷ್ಟು ಇಷ್ಟವಾದವು.

ಉತ್ತರ 3: ಭೀಮಾತೀರ, ಯಾದಗಿರಿ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಯಾದಗಿರಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ನನ್ನ ಹತ್ತಿರ ಇರುವುದು ಉಕ್ಕಿನ ತಂತಿಯ ಗಿಟಾರ್ ಮಾತ್ರ. ಇನ್ನೊಂದನ್ನು ಕೊಳ್ಳುವ ಸ್ಥಿತಿ ಸದ್ಯಕ್ಕೆ ಇಲ್ಲ. ಇದರಲ್ಲಿಯೇ ಸೊರ್, ಕಾರ್ಕಾಸಿ ಅವರ ಪಾಠಗಳನ್ನು ಕಲಿಯಬಹುದೇ, ಅಥವಾ ಅದು ಸಂಪ್ರದಾಯಕ್ಕೆ ವಿರುದ್ಧವಾಗುತ್ತದೆಯೇ? ಗೆಳೆಯನ ಮನೆಯಲ್ಲಿ ಹಳೆಯ ನೈಲಾನ್ ಗಿಟಾರ್ ಒಂದಿದೆ, ತಂತಿಗಳಿಲ್ಲ. ಅದಕ್ಕೆ ನನ್ನ ಉಕ್ಕಿನ ತಂತಿಗಳನ್ನೇ ಕಟ್ಟಬಹುದೇ ಎಂಬುದನ್ನೂ ತಿಳಿಸಿರಿ, ಸರ್.

ಉತ್ತರ 4: ಆರೆಳೆ, ಕಲಬುರಗಿ

ತಮ್ಮಾ, ಮೊದಲು ಎರಡನೆಯ ಪ್ರಶ್ನೆ. ದಯವಿಟ್ಟು ಕಟ್ಟಬೇಡ. ನೈಲಾನಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ ಇದ್ದರೆ ಉಕ್ಕಿನವು 70 ಕಿಲೋಗೂ ಮಿಕ್ಕಿ ಎಳೆಯುತ್ತವೆ. ತೊರ್ರೆಸ್ ಮಾದರಿಯ ತೆಳು ಮೇಲ್ಹಲಗೆ ಅದನ್ನು ತಾಳದೆ ಉಬ್ಬುತ್ತದೆ, ಸೇತುವೆಯೇ ಕಿತ್ತು ಬರಬಹುದು. ಅದಕ್ಕೆ ನೈಲಾನ್ ತಂತಿಗಳ ಒಂದು ಸಾಧಾರಣ ಕಟ್ಟು ಸಾಕು. ಗೆಳೆಯನೊಡನೆ ಮಾತಾಡಿ ನೋಡು.

ನಿನ್ನ ಉಕ್ಕಿನ ಗಿಟಾರ್‌ನಲ್ಲಿ ಕಲಿಯುವುದರಲ್ಲಿ ಯಾವ ದೋಷವೂ ಇಲ್ಲ. ಪರಾಗ್ವೆಯ ಅಗುಸ್ತಿನ್ ಬಾರ್ರಿಯೋಸ್ (1885–1944) ಈ ಪರಂಪರೆಯ ಅತ್ಯಂತ ದೊಡ್ಡ ವಾದಕ ರಚನಕಾರರಲ್ಲಿ ಒಬ್ಬರು. ಅವರು ಲೋಹದ ತಂತಿಗಳನ್ನೇ ಕಟ್ಟುತ್ತಿದ್ದರು, ಅದರ ಚುರುಕನ್ನು ತಗ್ಗಿಸಲು ತಂತಿಗಳಿಗೆ ರಬ್ಬರಿನ ಚೂರು ಸಿಕ್ಕಿಸುತ್ತಿದ್ದರು. ಅದಕ್ಕಾಗಿ ಅವರನ್ನು ಹಳಿದವರಿದ್ದರು. 1921ರಲ್ಲಿ ಅವರು ರಚಿಸಿದ ‘ಲಾ ಕತೆದ್ರಾಲ್’ ಇಂದು ಜಗತ್ತಿನ ಎಲ್ಲ ಗಿಟಾರ್ ವೇದಿಕೆಗಳಲ್ಲಿ ಕೇಳುತ್ತದೆ. ನಿನ್ನ ಗಿಟಾರ್‌ನ ಕುತ್ತಿಗೆ ಕಿರಿದಾದ್ದರಿಂದ ಎಡಗೈ ಬೆರಳುಗಳು ಪಕ್ಕದ ತಂತಿಗೆ ತಾಗುತ್ತವೆ. ಬೆರಳನ್ನು ನೆಟ್ಟಗೆ ಇಳಿಸುವ ಅಭ್ಯಾಸ ಮಾಡಿಕೋ, ಮುಂದೆ ಅಗಲ ಕುತ್ತಿಗೆಗೆ ಹೋದಾಗ ಅದೇ ನಿನಗೆ ಉಪಕಾರವಾಗುತ್ತದೆ.

ಬೀದರಿನ ಬೆಳ್ಳಿತಂತಿ ಅವರ ಆಕ್ಷೇಪವನ್ನು ಒಪ್ಪುತ್ತೇನೆ. ಬ್ರಿಟನ್ ಕೃತಿಯನ್ನು ನಾನು ಕೇಳಿದ್ದೆ, ಆದರೆ ಧಾಟಿ ಕೊನೆಯಲ್ಲಿ ಬರುವುದನ್ನು ನಿದ್ರೆಯೊಡನೆ ಕೂಡಿಸಿ ಯೋಚಿಸಿರಲಿಲ್ಲ. ನಿನ್ನೆ ರಾತ್ರಿ ದೀಪ ಆರಿಸಿ ಮತ್ತೆ ಕೇಳಿದೆ.

ಪ್ರಶ್ನೆ ಕೇಳಿದವರು: ಕಪ್ಪುನೆಲ, ಕಲಬುರಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಮಾವನವರಿಗೆ ನಾರ್ವಾಯೆಸ್ ಕೇಳಿಸಿದೆ. ಮೂರನೆಯ ಭೇದ ಬರುವ ಹೊತ್ತಿಗೆ ಅವರು ಕೆಳಗಿನ ಸ್ವರಗಳ ನಡೆಯನ್ನು ಬೆರಳಿನಿಂದ ಮಂಚದ ಪಟ್ಟಿಯ ಮೇಲೆ ತಟ್ಟತೊಡಗಿದ್ದರು. ‘ಕೆಳಗಿಂದು ಹಾಂಗೇ ಅದ, ಮ್ಯಾಲಿಂದಷ್ಟೇ ಆಡ್ತದ’ ಎಂದರು. ಅವರ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಂಡರೆಂದು ಭಾವಿಸುತ್ತೇನೆ.

ನನ್ನ ಮೂರನೆಯ ಪ್ರಶ್ನೆ ಮಾತ್ರ ಉಳಿದಿದೆ. ಕಾಲಾನುಕ್ರಮದಲ್ಲಿ ಕಲಿಯಬಹುದೇ? ಸೆಗೋವಿಯಾ ಅವರು ಜರ್ಮನಿಯ ಹಳೆಯ ರಚನಕಾರ ಬಾಖ್‌ನನ್ನು ನುಡಿಸಿದ ಮುದ್ರಿಕೆಗಳನ್ನೂ ಕೇಳಿದ್ದೇನೆ. ಬಾಖ್ ಗಿಟಾರ್‌ಗೆ ಬರೆದಿದ್ದರೇ?

ಉತ್ತರ 5: ಆರೆಳೆ, ಕಲಬುರಗಿ

ಮೇಡಂ, ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿರಿ. ಅವರ ಆ ಒಂದು ಮಾತಿನ ಮುಂದೆ ನನ್ನ ಉದ್ದನೆಯ ಬರಹ ಸಣ್ಣದು.

ಬಾಖ್ ಗಿಟಾರ್‌ಗೆ ಏನನ್ನೂ ಬರೆಯಲಿಲ್ಲ. ಲ್ಯೂಟ್‌ನ ಹೆಸರಿನಲ್ಲಿ ಉಳಿದುಬಂದ ಕೆಲವು ರಚನೆಗಳನ್ನೂ ಒಂಟಿ ಪಿಟೀಲು, ಒಂಟಿ ಚೆಲ್ಲೋಗಳ ರಚನೆಗಳನ್ನೂ ಗಿಟಾರ್‌ನವರು ತಮ್ಮದಾಗಿಸಿಕೊಂಡಿದ್ದಾರೆ. ಒಂಟಿ ಪಿಟೀಲಿಗಾಗಿ ಬರೆದ ‘ಶಾಕೋನ್’ ಅನ್ನು ಸೆಗೋವಿಯಾ 1935ರಲ್ಲಿ ಪ್ಯಾರಿಸ್‌ನಲ್ಲಿ ಗಿಟಾರ್ ಮೇಲೆ ನುಡಿಸಿ, ಇದು ಸಭಾಂಗಣಕ್ಕೆ ತಕ್ಕ ವಾದ್ಯವೆಂಬುದನ್ನು ಕೇಳುಗರಿಗೆ ಮನದಟ್ಟು ಮಾಡಿದರು. ನೀವು ಅದನ್ನು ಈಗ ಕೇಳಿರಿ. ನುಡಿಸುವುದು ಬಹಳ ಮುಂದಿನ ಮಾತು.

ಕೇಳುವುದಕ್ಕೆ ಕಾಲಾನುಕ್ರಮ ಒಳ್ಳೆಯದು. ಕಲಿಯುವುದಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ವಿಹುವೆಲಾದವರು ಎರಡು ಮೂರು ಧಾರೆಗಳನ್ನು ಸಮಸಮವಾಗಿ ನಡೆಸುತ್ತಾರೆ. ನೋಡಲು ಸುಲಭ, ಪ್ರತಿ ಧಾರೆಯನ್ನೂ ಅದರದರ ಉದ್ದಕ್ಕೆ ಹಿಡಿದು ನಿಲ್ಲಿಸುವುದು ಕಷ್ಟ. 19ನೆಯ ಶತಮಾನದ ಆರಂಭದವರು ನಿಮ್ಮಂತೆಯೇ ಮನೆಯಲ್ಲಿ ಕಲಿಯುವ ವಯಸ್ಕರಿಗಾಗಿ ಪಾಠಗಳನ್ನು ಬರೆದರು, ಮತ್ತು ಅವರ ಗಿಟಾರ್‌ನ ಶ್ರುತಿ ನಿಮ್ಮದೇ. ಅಲ್ಲಿಂದ ಆರಂಭಿಸಿರಿ. ಜೂಲಿಯಾನಿ ಅವರು ತಮ್ಮ ಮೊದಲ ಕೃತಿಯಲ್ಲಿ ಬಲಗೈಗೆಂದು 120 ಅಭ್ಯಾಸಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಎಡಗೈಗೆ ಬೇಕಾದದ್ದು ಸಿ ಮೇಜರ್ ಮತ್ತು ಜಿ ಸೆವೆನ್ ಎಂಬ ಎರಡು ಕಾರ್ಡ್ ಮಾತ್ರ, ಅವು ನಿಮಗೆ ಈಗಾಗಲೇ ಬರುತ್ತವೆ. ಚರ್ಚಿನ ತರುಣರು ಕಲಿಸಿದ್ದು ಎಲ್ಲಿಯೂ ವ್ಯರ್ಥವಾಗುವುದಿಲ್ಲ. ದಿನಕ್ಕೆ ನಾಲ್ಕು ಅಭ್ಯಾಸ ಸಾಕು. ಅದರ ಜೊತೆಗೆ ಸೊರ್ ಅವರ 60ನೆಯ ಕೃತಿ. ಒಂದೇ ಧಾರೆಯಿಂದ ಆರಂಭವಾಗಿ ನಿಧಾನವಾಗಿ ಎರಡಾಗುತ್ತದೆ.

ಆರು ತಿಂಗಳ ನಂತರ ಕಾರ್ಕಾಸಿಯ 60ನೆಯ ಕೃತಿಯ ಮೂರನೆಯ ಪಾಠಕ್ಕೆ ಬನ್ನಿ. ಅದರ ಪುಟ ನೋಡಿದರೆ ಮೂರು ಮೂರು ಸ್ವರಗಳ ಗೊಂಚಲುಗಳ ಮೆರವಣಿಗೆ ಕಾಣುತ್ತದೆ, ಎಲ್ಲವೂ ಒಂದೇ ತೂಕದವೆನ್ನಿಸುತ್ತದೆ. ಮೊದಲ ವಾರ ಗೊಂಚಲುಗಳನ್ನು ಬಿಟ್ಟು, ಮೇಲಿನ ಧಾಟಿಯ ಸ್ವರಗಳನ್ನಷ್ಟೇ ಉಂಗುರಬೆರಳಿನಿಂದ ನುಡಿಸಿ, ಬಾಯಲ್ಲಿ ಹಾಡಿಕೊಳ್ಳಿ. ಎರಡನೆಯ ವಾರ ಅದಕ್ಕೆ ಹೆಬ್ಬೆರಳಿನ ಮಂದ್ರ ಸೇರಿಸಿ. ನಡುವಿನ ಸ್ವರಗಳನ್ನು ಕೊನೆಗೆ, ಅತ್ಯಂತ ಮೆಲ್ಲಗೆ ತುಂಬಿ. ಉಂಗುರಬೆರಳು ನಮ್ಮೆಲ್ಲರಲ್ಲೂ ದುರ್ಬಲವಾದದ್ದು, ಧಾಟಿಯನ್ನು ಹೊರುವ ಕೆಲಸ ಮಾತ್ರ ಅದರ ಪಾಲಿಗೆ ಬಂದಿದೆ. ಆದ್ದರಿಂದ ಆ ಸ್ವರ ಕೇಳಿಸುವವರೆಗೆ ವೇಗ ಹೆಚ್ಚಿಸಬೇಡಿ. ಆಮೇಲೆ ಸೊರ್ ಅವರ 35ನೆಯ ಕೃತಿಯ 22ನೆಯ ಪಾಠ, ಬಿ ಮೈನರ್‌ನದು, ತಾನಾಗಿಯೇ ಕೈಗೆ ಬರುತ್ತದೆ.

ಆ ಹೊತ್ತಿಗೆ ಮೂರನೆಯ ತಂತಿಯನ್ನು ಇಳಿಸಿ ನಾರ್ವಾಯೆಸ್ ಹಿಡಿಯಿರಿ. ಇಳಿಸಿದ ತಂತಿ ಮೊದಲ ಹತ್ತು ನಿಮಿಷ ಮೆಲ್ಲಗೆ ಮೇಲೇರುತ್ತಿರುತ್ತದೆ; ಎಫ್ ಶಾರ್ಪ್‌ಗಿಂತ ಸ್ವಲ್ಪ ಕೆಳಗೆ ತಂದು, ಅಲ್ಲಿಂದ ಮೇಲಕ್ಕೆ ಶ್ರುತಿ ಸೇರಿಸಿ, ಆಮೇಲೆ ಮಾವನವರನ್ನು ಕರೆಯಿರಿ.